ಬಿಸಿಲಿಗಿಟ್ಟ ಹಾಡು

ಆಗೆಲ್ಲ ಮಳೆಗಾಲ ದಾಟಬೇಕಾದ ಯಾವ ವಸ್ತುವಾದರೂ ಮೊದಲು ನಮ್ಮ ಅಂಗಳದ ಬಿಸಿಲನ್ನು ಕಾಣಬೇಕಿತ್ತು. ಅಂಕೋಲೆಯ ಹತ್ತಿರದ ನಮ್ಮ ಮನೆಯಲ್ಲಿ ಮೇ ತಿಂಗಳೆಂದರೆ ಅದೇ ಕೆಲಸ. ಒಂದು ಚಾಪೆಯ ಮೇಲೆ ಮುರುಗಲು ಹಣ್ಣಿನ ಹುಳಿ ಸಿಪ್ಪೆ, ಇನ್ನೊಂದರ ಮೇಲೆ ಹಲಸಿನ ಹಪ್ಪಳ. ತಟ್ಟೆಗಳಲ್ಲಿ ಈಶಾಡು ಮಾವಿನ ರಸ ಒಣಗಿ ಸಾಟವಾಗುತ್ತಿತ್ತು. ಸ್ವಲ್ಪ ದೂರದಲ್ಲಿ, ಬೆಕ್ಕಿನ ಕಣ್ಣು ತಪ್ಪಿಸಿ, ಬಂಗಡೆ. ಹುಳಿ, ಸಿಹಿ, ಮೀನು ಎಲ್ಲ ಕಲಸಿದ ಆ ವಾಸನೆಯ ನಡುವೆ ಕೂತು ಕಾಗೆ ಓಡಿಸುವುದು ಒಂಬತ್ತು ವರ್ಷದ ನನ್ನ ಪಾಲಿನ ಕೆಲಸ. ನಡುನಡುವೆ ಸಾಟದ ಅಂಚು ಕಿತ್ತು ತಿನ್ನುವುದೂ ಅದರಲ್ಲಿ ಸೇರಿತ್ತು.

ಅದೇ ಚಾಪೆಯ ಮೂಲೆಯಲ್ಲಿ ಸುಮತಿ ಅತ್ತೆಯ ಆರು ಸೆಲ್ಲುಗಳೂ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಅತ್ತೆ ಅಪ್ಪನ ಅಕ್ಕ. ಮುಂಬಯಿಯ ಟೆಲಿಫೋನ್ ಕಚೇರಿಯಲ್ಲಿ ದುಡಿಯುತ್ತಿದ್ದವಳು, ಅಜ್ಜಿಯ ಕಾಲು ಸೋತಾಗ ಕೆಲಸ ಬಿಟ್ಟು ಬಂದಳು. ಬರುವಾಗ ತಂದದ್ದು ಒಂದು ಟ್ರಂಕು, ಸೆಲ್ಲಿನಿಂದ ಓಡುವ ಪುಟ್ಟ ರೆಕಾರ್ಡ್ ಪ್ಲೇಯರು, ಒಂದೇ ಒಂದು ರೆಕಾರ್ಡು. ಅಮೆರಿಕದ ಒಬ್ಬ ಹಾಡುಗಾರ್ತಿಯ ಹೆಸರಾಂತ ಹಾಡುಗಳನ್ನು ಆಯ್ದು ಸೇರಿಸಿದ ರೆಕಾರ್ಡು ಅದು. ಇದಕ್ಕೆ ಜಾಝ್ ಅಂತಾರೆ ಎಂದು ಅತ್ತೆ ಹೇಳಿದ್ದಳು. ಅಜ್ಜಿ ಮಾತ್ರ ಆ ಹಾಡುಗಾರ್ತಿಯನ್ನು, ನಾವು ಶಾಲೆಯ ಟೀಚರನ್ನು ಕರೆಯುವ ಹಾಗೆ, ಅಕ್ಕೋರು ಎಂದೇ ಕರೆಯುತ್ತಿದ್ದಳು. ಬಿಸಿಲು ಇಳಿಯುತ್ತಲೇ ಒಳಗಿನಿಂದ ಕೇಳುತ್ತಿದ್ದಳು: “ಎಂತದೇ ಸುಮತಿ, ನಿನ್ನ ಅಕ್ಕೋರಿಗೆ ಇವತ್ತು ರಜೆಯೋ?”

ನಿಮ್ಮ ಮನೆಯಲ್ಲೂ ಮುಗಿದ ಸೆಲ್ಲನ್ನು ಬಿಸಿಲಿಗಿಟ್ಟು ಮತ್ತೆ ಹಾಕಿದವರು ಇದ್ದಿರಬಹುದು. ಸತ್ತ ಹಾಡು ಎದ್ದು ಕೂರುತ್ತಿತ್ತು. ಆದರೆ ಹಳೇ ಸೆಲ್ಲಿನ ಬಲ ಎಷ್ಟು? ರೆಕಾರ್ಡು ನಿಧಾನಕ್ಕೆ ತಿರುಗಿ ಅಕ್ಕೋರ ದನಿ ದಪ್ಪಗೆ, ಊಟ ಮುಗಿಸಿ ಮಾತಿಗೆ ಕೂತವರ ದನಿಯ ಹಾಗೆ ಬರುತ್ತಿತ್ತು. ತಾಳ ಮುಂದೆ ಹೋಗುತ್ತಿತ್ತು. ಅವರು ಚೂರು ಹಿಂದೆ ಉಳಿದು, ಇನ್ನೇನು ತಪ್ಪಿದರು ಎನ್ನುವಾಗ ಬಂದು ಕೂಡಿಕೊಳ್ಳುತ್ತಿದ್ದರು. ಮಾತು ಒಂದೂ ಅರ್ಥವಾಗದ ನನಗೂ ಪ್ರತಿ ಸಲ ಎದೆ ಧಸಕ್ಕೆನ್ನುತ್ತಿತ್ತು.

“ಅವ್ಳಿಗೆ ಅವಸರ ಇಲ್ಲ, ತಂಗೀ. ಆದ್ರೆ ಬರೂದು ಮಾತ್ರ ಬತ್ತಾಳೆ,” ಎನ್ನುತ್ತಿದ್ದಳು ಅತ್ತೆ ನನಗೆ.

ಒಂದು ಸಾಲು ಮುಗಿದಾಗ ಅಕ್ಕೋರು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ತುತ್ತೂರಿಯೊಂದು ಉತ್ತರ ಕೊಡುತ್ತಿತ್ತು. ಅದೇ ಜಾಗದಲ್ಲಿ ಅತ್ತೆಯೂ ಗುನುಗುತ್ತಿದ್ದಳು, ಮುರುಗಲು ಬಿಡಿಸಿ ಕೆಂಪಾದ ಕೈಯನ್ನು ಮಡಿಲಲ್ಲಿಟ್ಟುಕೊಂಡು. ಹಗಲೆಲ್ಲ ಅಜ್ಜಿಯ ಕಾಲು ತಿಕ್ಕುತ್ತ, ಕೇಳಿದ್ದಕ್ಕಷ್ಟೇ ಮಾತಾಡುವ ಹೆಂಗಸು ಅವಳು. ಆಗ ಮಾತ್ರ ತನ್ನದೇ ಗೆಳತಿಯೊಂದಿಗೆ ಹರಟುತ್ತಿರುವಂತೆ ಕಾಣುತ್ತಿದ್ದಳು.

ಆ ಮೇ ತಿಂಗಳ ಕೊನೆಯಲ್ಲಿ ಒಂದು ಸಂಜೆ ಅತ್ತೆ ರೆಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದಳು. “ಹೋದ ಮಳೆಗೇ ಬೂಷ್ಟು ಹಿಡ್ದಿತ್ತು. ಈ ಮಳೆಗೆ ಎಂತ ಆಗ್ತದ್ಯೋ,” ಎಂದು ಸೆರಗಿನಿಂದ ಒರೆಸಿಟ್ಟಳು.

ಬೂಷ್ಟಿಗೆ ಮದ್ದು ಬಿಸಿಲು. ಸೆಲ್ಲಿಗೂ ಬಿಸಿಲೇ. ನನಗೆ ಅನುಮಾನವೇ ಇರಲಿಲ್ಲ. ಮರುದಿನ ಅತ್ತೆ ಪೇಟೆಗೆ ಹೋದಾಗ ರೆಕಾರ್ಡನ್ನು ತಂದು ಹಪ್ಪಳಗಳ ನಡುವೆ ಇಟ್ಟೆ. ಕಾಗೆ ಕುಕ್ಕದ ಹಾಗೆ ಪಕ್ಕದಲ್ಲೇ ಕಾದೆ. ಹಪ್ಪಳ ಮಗುಚುವಾಗ ಅದನ್ನೂ ಮಗುಚಿದೆ. ಕೈಗೆ ಮೆತ್ತಗೆ ಹತ್ತಿತು. ಆರಿದ ಮೇಲೆ ಗಟ್ಟಿಯಾಗುತ್ತದೆ ಎಂದುಕೊಂಡೆ.

ಅತ್ತೆ ಬರುವಷ್ಟರಲ್ಲಿ ಅದರ ಅಂಚು ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಎದ್ದಿತ್ತು. “ಅತ್ತೇ, ನಿನ್ನ ಅಕ್ಕೋರನ್ನ ಒಣಗ್ಸಿದ್ದೆ ನೋಡು. ಇನ್ನು ಬೂಷ್ಟು ಹಿಡೂದಿಲ್ಲ,” ಎಂದೆ ಹೆಮ್ಮೆಯಿಂದ.

ಅತ್ತೆ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದಳು. ಪ್ಲೇಯರಿಗೆ ಹಾಕಿ ಮುಳ್ಳು ಇಟ್ಟಳು. ಮುಳ್ಳು ಏರಿತು, ಇಳಿಯಿತು, ಜಾರಿತು. ಅಕ್ಕೋರು ಅರ್ಧ ಮಾತಿಗೆ ಬಿಕ್ಕಿ ನಿಂತರು. ನನಗೆ ಆಗ ಅಳು ಬಂತು. ಅತ್ತೆ ನಕ್ಕಳು.

“ಹೋಗ್ಲಿ ಬಿಡು, ತಂಗೀ. ಹಾಡೆಲ್ಲ ನಂಗೆ ಬಾಯಿಪಾಠ ಬತ್ತದೆ.”

“ಹಂಗಾರೆ ಹಾಡು.”

ಅತ್ತೆ ಬಾಯಿ ತೆರೆದಳು. ಮತ್ತೆ ಮುಚ್ಚಿ ಪ್ಲೇಯರಿನ ಕಡೆ ನೋಡಿದಳು. “ಅವ್ಳು ಹಾಡ್ದೇ ಹೋದ್ರೆ ನಾ ಎಲ್ಲಿ ಸೇರ್ಕಳ್ಳುದು?” ಎಂದಳು.

ಅವಳು ನಕ್ಕದ್ದನ್ನೇ ಕ್ಷಮೆ ಎಂದುಕೊಂಡು ನಾನು ಆಡಲು ಓಡಿದೆ. ಆಮೇಲೆ ಅತ್ತೆ ಗುನುಗಿದ್ದನ್ನು ನಾನು ಕೇಳಲೇ ಇಲ್ಲ. ಸೆಲ್ಲುಗಳು ಟಾರ್ಚಿಗೆ ಹೋದವು. ಅಜ್ಜಿಯೂ ಅಕ್ಕೋರ ಸುದ್ದಿ ಎತ್ತುವುದನ್ನು ಬಿಟ್ಟಳು.

ನೌಕರಿ ಸಿಕ್ಕಿದ ಮೇಲೆ ಅಂಥದೇ ರೆಕಾರ್ಡನ್ನು ಹುಡುಕಿ ತಂದುಕೊಡಬಹುದಿತ್ತು. ಮುಂದಿನ ರಜೆಗೆ, ಅದರ ಮುಂದಿನ ರಜೆಗೆ ಎಂದುಕೊಂಡೆ. ತಪ್ಪಾಯಿತು ಅತ್ತೆ ಎಂದಾದರೂ ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ಅವಳು ಹೋಗಿ ಆರು ಮಳೆಗಾಲವಾಯಿತು.

ಈಗ ಕಾರವಾರದ ಹಬ್ಬುವಾಡದ ನಮ್ಮ ಮನೆಯಲ್ಲಿ ಮಗಳ ಫೋನಿನ ತುಂಬ ಅವೇ ಹಾಡುಗಳು. ಅವಳ ಗೆಳತಿಯರೂ ಕೇಳುತ್ತಾರಂತೆ. “ಎಷ್ಟ್ ಚಂದ ಹಾಡ್ತಾಳಲ್ಲ, ಆಯಿ,” ಎನ್ನುತ್ತಾಳೆ. ಹೌದು, ಚಂದವೇ. ಒಂದು ಗೀರೂ ಇಲ್ಲ. ಆದರೆ ಸರಿಯಾದ ವೇಗದಲ್ಲಿ ಆ ದನಿ ತೆಳ್ಳಗಾಗಿ, ಎಲ್ಲಿಗೋ ಹೊರಟು ನಿಂತವರ ದನಿಯಂತೆ ಕೇಳುತ್ತದೆ. ನಮ್ಮ ಅಂಗಳದಲ್ಲಿ ಹಾಡುತ್ತಿದ್ದ ನಿಧಾನದ ಅಕ್ಕೋರು ಯಾವ ಫೋನಿನಲ್ಲೂ ಇಲ್ಲ. ಸಾಲು ಮುಗಿದು ತುತ್ತೂರಿ ಶುರುವಾದಾಗ, ಅತ್ತೆಯ ಜಾಗದಲ್ಲಿ ನಾನು ಗುನುಗಲು ನೋಡುತ್ತೇನೆ. ಪ್ರತಿ ಸಲ ತಡವಾಗುತ್ತದೆ. ಅಷ್ಟರಲ್ಲಿ ಅಕ್ಕೋರು ಮುಂದಿನ ಸಾಲಿಗೆ ಹೋಗಿರುತ್ತಾರೆ.