ಅಪ್ಪ ಹಾಡು ಕೇಳಲು ಕಲಿತದ್ದು

ಅಪ್ಪನಿಗೆ ಪಾರ್ಶ್ವವಾಯು ಬಡಿದು ಎರಡು ತಿಂಗಳಾಗಿತ್ತು. ಬಲಗೈ ಸ್ವಲ್ಪಸ್ವಲ್ಪವೇ ಹಿಡಿತಕ್ಕೆ ಬರುತ್ತಿತ್ತು. ಕೋಲು ಹಿಡಿದು ಬಾತ್‌ರೂಮಿನವರೆಗೆ ನಡೆಯುತ್ತಿದ್ದರು. ಮಾತು ಮಾತ್ರ ಬಂದಿರಲಿಲ್ಲ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಉತ್ತರಿಸಲು ಬಾಯಿ ತೆರೆದರೆ ಒಂದೇ ಒಂದು ‘ಹಾಂ’ ಹೊರಡುತ್ತಿತ್ತು. ಬೇಕು ಎನ್ನುವುದಕ್ಕೂ ಬೇಡ ಎನ್ನುವುದಕ್ಕೂ ಅದೇ.

ಮುಂಬಯಿಯ ಕಾಂದಿವಲಿಯಲ್ಲಿರುವ ನಮ್ಮ ಮನೆಗೆ ವಾರಕ್ಕೆರಡು ಸಲ ಬರುತ್ತಿದ್ದ ಸ್ಪೀಚ್ ಥೆರಪಿಸ್ಟ್, ಅಭ್ಯಾಸದ ಜೊತೆಗೆ ದಿನಾ ಅರ್ಧ ಗಂಟೆ ಸಂಗೀತ ಕೇಳಿಸಿ ಎಂದರು. ಬರೀ ಹಾಕಿಟ್ಟರೆ ಸಾಲದು, ಗಮನವಿಟ್ಟು ಕೇಳಬೇಕು. ಮನಸ್ಸು ಬೇರೆಡೆ ಹೋದರೆ ಬೈದುಕೊಳ್ಳದೆ ಮತ್ತೆ ಸ್ವರಕ್ಕೆ ತರಬೇಕು. ಇದರಿಂದಲೇ ಮಾತು ಬರುತ್ತದೆಂದು ಹೇಳಲಾರೆ, ಸಹಾಯವಾಗಬಹುದು ಎಂದರು. ಆ ‘ಬಹುದು’ ನನಗೆ ಹಿಡಿಸಿತು. ನೋಡಲು ಬರುವವರೆಲ್ಲ ಬರೀ ಖಾತ್ರಿ ಕೊಟ್ಟು ಹೋಗುತ್ತಿದ್ದರು.

ಮರುದಿನ ಸ್ಪೀಕರ್ ತಂದು ಅಪ್ಪನ ಕುರ್ಚಿಯ ಪಕ್ಕ ಇಟ್ಟೆ. ಭಜನೆ ಹಾಕಿದೆ, ಹಳೆಯ ಹಿಂದಿ ಹಾಡು ಹಾಕಿದೆ, ಯಕ್ಷಗಾನದ ಪದ ಹಾಕಿದೆ. ಹಾಕಿ, ನಾನು ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದೆ. ಅಮ್ಮ ಒಳಗೆ ಅಡುಗೆ ಮಾಡುತ್ತಿದ್ದರು. ಅಪ್ಪನ ಕಣ್ಣು ಅಡುಗೆಮನೆಯ ಕಡೆಗೇ. ಪಾತ್ರೆ ಸದ್ದಾದರೆ ತಲೆ ತಿರುಗುತ್ತಿತ್ತು, ಕುಕ್ಕರ್ ಕೂಗಿದರೆ ಎಡಗೈ ಬೆರಳು ಎಣಿಸುತ್ತಿತ್ತು. ಹತ್ತು ದಿನ ಹೀಗೇ. ಇವರಿಗೆ ಸಂಗೀತವೇ ಬೇಡವೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಆ ಭಾನುವಾರ ಅಪ್ಪನ ಹಳೆಯ ಜೊತೆಗಾರರೊಬ್ಬರು ಬಂದರು. ಸಾಂತಾಕ್ರೂಜ್‌ನ ಒಂದೇ ಹೋಟೆಲಿನಲ್ಲಿ ಇಬ್ಬರೂ ಮೂವತ್ತು ವರ್ಷ ಸಪ್ಲಾಯರ್ ಆಗಿದ್ದವರು. ನನ್ನ ದೂರು ಕೇಳಿ ನಕ್ಕರು.

“ಅಲ್ಲ ಮಗಳೇ, ಹೋಟೆಲಲ್ಲಿ ರೇಡಿಯೊ ಇಡೀ ದಿನ ಇತ್ತು. ಆದ್ರೆ ಹಾಡು ಕೇಳ್ತಾ ನಿಂತ್ರೆ ನಡೀತದಾ? ಅಡುಗೆ ಭಟ್ಟರು ಒಳಗಿಂದ ‘ಮಸಾಲೆ ರೆಡಿ’ ಅಂದದ್ದು ಕೇಳದಿದ್ರೆ ಗಿರಾಕಿ ಬೈತಾನೆ, ಆಮೇಲೆ ಧಣಿ. ನಿನ್ನಪ್ಪ ಒಂದು ಹಾಡು ಪೂರ್ತಿ ಕೇಳಿದ್ದು ನಾನಂತೂ ಕಾಣ್ಲಿಲ್ಲ.” ಅಪ್ಪನ ಕಡೆ ತಿರುಗಿ, “ಎಂತ ಮಾರಾಯ, ಸುಳ್ಳಾ?” ಎಂದರು.

“ಹಾಂ,” ಎಂದರು ಅಪ್ಪ. ಅವರೂ ನಗುತ್ತಿದ್ದರು.

ಹಾಡನ್ನು ಹೊರಗಿಟ್ಟು ಅಡುಗೆಮನೆಗೆ ಕಿವಿ ಕೊಡುವುದೇ ಅವರ ಕೆಲಸವಾಗಿತ್ತು. ನಾನು ಮನೆಯಲ್ಲೂ ಅದೇ ಹೋಟೆಲು ನಡೆಸಿದ್ದೆ.

ಮರುದಿನದಿಂದ ಬೆಳಿಗ್ಗೆ ಏಳೂವರೆಗೆ ಒಲೆ ಆರಿಸಿ, ಫೋನ್‌ಗಳನ್ನು ಒಳಕೋಣೆಯಲ್ಲಿಟ್ಟೆವು. ಅಮ್ಮನಿಗೆ ಸುಮ್ಮನೆ ಕೂರುವುದೇ ಕಷ್ಟ. “ಬೀನ್ಸ್ ಆದ್ರೂ ಹೆಚ್ತೇನೆ,” ಎಂದರು. ಬೇಡವೆಂದೆ. ಮೂವರೂ ಕೂತು ಬರೀ ಕೊಳಲು ಕೇಳಿದೆವು. ಮೊದಮೊದಲು ಅಪ್ಪ ಆಗಾಗ ಖಾಲಿ ಅಡುಗೆಮನೆಯತ್ತ ನೋಡುತ್ತಿದ್ದರು. ಅಲ್ಲಿಂದ ಯಾರೂ ಕರೆಯುವುದಿಲ್ಲವೆಂದು ನಂಬಿಕೆ ಬಂದ ಮೇಲೆ ಕಣ್ಣು ಮುಚ್ಚತೊಡಗಿದರು. ಎದೆ ನಿಧಾನವಾಗಿ ಏರಿಳಿಯುತ್ತಿತ್ತು. ನನ್ನ ಉಸಿರೂ ಹಾಗೇ ಆಗುತ್ತಿತ್ತೆಂದು ನಾನು ಯಾರಿಗೂ ಹೇಳಲಿಲ್ಲ.

ಮೂರನೆಯ ವಾರ ಒಂದು ದಿನ ಅಮ್ಮನತ್ತ ಬಾಗಿ, ಹಾಲಿನವನು ಬಂದನೇ ಎಂದು ಪಿಸುಗುಟ್ಟಿದೆ.

“ಮಾ... ಮಾತಾಡ್ಬೇಡ.”

ಅಪ್ಪನ ಕಣ್ಣು ಮುಚ್ಚಿಯೇ ಇತ್ತು. ಮಾತು ತೊದಲಿತ್ತು, ಆದರೆ ಕೊನೆಯ ಅಕ್ಷರದವರೆಗೂ ಬಂದಿತ್ತು.

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ನನ್ನತ್ತ ಕೈತೋರಿಸಿ, “ಇಡೀ ಬಿಲ್ಡಿಂಗಲ್ಲಿ ಕಡಿಮೆ ಮಾತಾಡುವವಳು ಇವಳು. ಇವಳಿಗೇ ಹೇಳ್ಬೇಕಾ ಇವರು?” ಎಂದರು. ಅಪ್ಪ ಎಡಗೈ ಎತ್ತಿ ಅವರನ್ನೂ ಸುಮ್ಮನಾಗಿಸಿದರು. ಕೊಳಲು ಮುಗಿಯಲು ಇನ್ನೂ ಹನ್ನೊಂದು ನಿಮಿಷವಿತ್ತು. ಕೂತು ಕೇಳಿದೆವು.