‘ಕೇಳಿ’ ಎಂಬ ಗುಂಡಿ

ತರಗತಿಯಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಉಳಿದವರೆಲ್ಲ ಅವಳ ಮಗಳ ಓರಗೆಯವರು. ಪಾಠ ಹೇಳುವ ಟೀಚರ್ ಕೂಡ ಅವಳಿಗಿಂತ ಚಿಕ್ಕವಳು. ಮೊಬೈಲ್ ಆ್ಯಪ್‌ಗಳನ್ನು ವಿನ್ಯಾಸ ಮಾಡಲು ಕಲಿಸುವ ಕೋರ್ಸು ಅದು. ಈ ಸಲ ಎಲ್ಲರಿಗೂ ಕೊಟ್ಟ ವಿಷಯ ಊಟ, ಅಡುಗೆ.

ಹಿಂದೆ ಅವಳು ಒಂದು ಮುದ್ರಣಾಲಯದಲ್ಲಿ ಔಷಧಿ ಡಬ್ಬಿಗಳ ಮೇಲಿನ ಅಕ್ಷರಗಳನ್ನು ಜೋಡಿಸುವ ಕೆಲಸದಲ್ಲಿದ್ದಳು. ಆ ಕೆಲಸ ಅವಳಿಗೆ ಇಷ್ಟವಿತ್ತು. ಆಮೇಲೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ‘ಯಾರಾದರೊಬ್ಬರು ಮನೆಯಲ್ಲಿರಬೇಕು’ ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದರು. ಆ ಯಾರಾದರೊಬ್ಬರು ಯಾರು ಎಂದು ಯಾರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ. ಸೊಂಟ ಕೂಡಿಕೊಂಡಿತು, ಅತ್ತೆ ಕೋಲೂರಿಕೊಂಡು ಓಡಾಡತೊಡಗಿದರು. ಕೆಲಸ ಮಾತ್ರ ವಾಪಸು ಬರಲಿಲ್ಲ.

ಮಗಳು ಹಾಸ್ಟೆಲ್ ಸೇರಿದ ವರ್ಷ ಅವಳು ಈ ಕೋರ್ಸಿಗೆ ಸೇರಿದಳು. ಕೋರ್ಸಿಗೆ ಎರಡು ಹಂತ. ಮೊದಲ ಹಂತದ ಕೊನೆಗೆ ಹೊರಗಿನಿಂದ ಪರೀಕ್ಷಕರು ಬಂದು ಪ್ರತಿ ಜೋಡಿಯ ಆ್ಯಪ್ ನೋಡುತ್ತಾರೆ. ಒಪ್ಪಿದರೆ ಎರಡನೆಯ ಹಂತ, ಅದಾದ ಮೇಲೆ ಕೆಲಸ. ಒಪ್ಪದಿದ್ದರೆ ಅಲ್ಲಿಗೆ ಮುಗಿಯಿತು.

ಅವಳ ಗಂಡ ಕನ್ನಡಕದ ಅಂಗಡಿಯವನು. ಕೆಟ್ಟವನಲ್ಲ. “ಒಂದು ಹಂತ ನೋಡು. ಆಗಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ, ಮನೆ ಎಲ್ಲೂ ಓಡಿಹೋಗಲ್ಲ” ಎಂದು ಸಮಾಧಾನ ಹೇಳಿದ್ದ. ಮನೆ ಎಲ್ಲೂ ಓಡಿಹೋಗುವುದಿಲ್ಲ ಎನ್ನುವುದೇ ಅವಳ ಭಯವಾಗಿತ್ತು.

ಅವಳ ಜೊತೆಗಾತಿಯ ಹೆಸರು ಚುರುಕಿ, ತರಗತಿಯೇ ಇಟ್ಟ ಅಡ್ಡಹೆಸರು. ಪಟಪಟ ಮಾತು, ಪಟಪಟ ಬೆರಳು. ಅಡುಗೆ ಬಾರದವರೂ ಮನೆಯಲ್ಲಿ ಇರುವ ಸಾಮಾನಿನಲ್ಲೇ ಏನಾದರೂ ಬೇಯಿಸಿಕೊಳ್ಳುವಂತೆ ಮಾಡಬೇಕು ಎಂದು ಇಬ್ಬರೂ ಆ್ಯಪ್ ಹೆಣೆದರು. ಸಾಮಾನು ಆರಿಸಿದರೆ ಆಯಿತು, ಒಂದೊಂದೇ ಹೆಜ್ಜೆಯಾಗಿ ಹೇಳಿಕೊಡುತ್ತದೆ. ಅಕ್ಷರಗಳನ್ನು ಒದ್ದೆ ಕೈಯವರು ಒಂದು ಮಾರು ದೂರದಿಂದಲೇ ಓದಬಹುದಿತ್ತು. ಪರದೆಯ ಕೆಳಗೆ ಕಿತ್ತಳೆ ಬಣ್ಣದ ಒಂದು ಗುಂಡಿ ಇತ್ತು: ‘ಕೇಳಿ’. ಒತ್ತಿದರೆ ಪ್ರಶ್ನೆ ಮನೆಯ ಇನ್ನೊಬ್ಬರ ಫೋನಿಗೆ ಹೋಗುತ್ತದೆ. ಅದನ್ನು ಇಟ್ಟವಳು ದೊಡ್ಡಕ್ಕನೇ. “ಯಾರನ್ನಾದರೂ ಕೇಳ್ಬೇಕಾಗುತ್ತಲ್ಲ” ಎಂದಿದ್ದಳು, ಮನೆಗೆ ಬಾಗಿಲು ಬೇಕಲ್ಲ ಎನ್ನುವಷ್ಟು ಸಹಜವಾಗಿ.

ಪ್ರಯೋಗಕ್ಕೆ ಪರಿಚಯದ ಕೆಲವು ಮನೆಗಳಿಗೆ ಕೊಟ್ಟರು. ಎಲ್ಲರೂ ಅಡುಗೆ ಮುಗಿಸಿದರು. ಎಲ್ಲರೂ ಭೇಷ್ ಎಂದರು. ಹೆಚ್ಚು ಸಲ ಒತ್ತಿದ್ದು ಆ ಕಿತ್ತಳೆ ಗುಂಡಿಯನ್ನೇ.

“ಅಕ್ಕಾ, ಗೆದ್ವಿ! ಈ ಗುಂಡೀನ ಇನ್ನೂ ದಪ್ಪ ಮಾಡೋಣ” ಎಂದು ಚುರುಕಿ ಕುಣಿದಳು.

ಕೊನೆಯ ಪ್ರಯೋಗ ದೊಡ್ಡಕ್ಕನ ಮನೆಯದು. ಗಂಡ ಮನೆಯಲ್ಲಿ ಟೊಮೆಟೊ ಸೂಪು ಮಾಡುತ್ತಿದ್ದ. ಅವಳು ತರಗತಿಯಲ್ಲಿದ್ದಳು. ಮೇಜಿನ ಮೇಲಿನ ಫೋನು ಗುಂಯ್‌ಗುಡುತ್ತಿತ್ತು. ‘ಚಾಕು ಎಲ್ಲಿ?’ ಉತ್ತರ ಬರೆದಳು. ‘ಯಾವ ಪಾತ್ರೆ?’ ಬರೆದಳು. ‘ಸಣ್ಣ ಉರಿ ಅಂದ್ರೆ ಎಷ್ಟು ಸಣ್ಣ?’ ಅದಕ್ಕೂ ಬರೆದಳು. ಬೆಳ್ಳುಳ್ಳಿಯ ಫೋಟೊ ಒಂದು ಬಂತು, ಕೆಳಗೆ: ‘ಇದೇನಾ?’

ಟೀಚರ್ ಪಾಠ ನಿಲ್ಲಿಸಿ ಹತ್ತಿರ ಬಂದಳು. “ಯಾರ ಜೊತೆ ಮಾತು?”

“ಪ್ರಯೋಗ ನಡೀತಿದೆ ಮೇಡಮ್. ನಮ್ಮವರು ಸೂಪು ಮಾಡ್ತಿದಾರೆ.”

“ಅವರು ಸೂಪು ಮಾಡ್ತಿದಾರೆ. ನೀವೇನು ಮಾಡ್ತಿದೀರಿ?”

ತರಗತಿ ನಕ್ಕಿತು. ಟೀಚರ್ ತಮಾಷೆಗೆ ಕೇಳಿದ್ದು, ಮತ್ತೆ ಬೋರ್ಡಿನ ಕಡೆ ತಿರುಗಿದಳು. ದೊಡ್ಡಕ್ಕ ಮಾತ್ರ ಫೋನನ್ನೇ ನೋಡುತ್ತ ಕುಳಿತಳು. ಸೂಪು ಮಾಡುತ್ತಿರುವುದು ತಾನೇ. ಕೈ ಒಂದು ಕಡೆ ಇದೆ, ತಲೆ ಇನ್ನೊಂದು ಕಡೆ, ಅಷ್ಟೇ ವ್ಯತ್ಯಾಸ. ಮೊದಲಾದರೆ ಅಡುಗೆಮನೆಯಿಂದ ಹೊರಗೆ ಬಂದರೆ ಪ್ರಶ್ನೆಗಳು ಹಿಂದೆಯೇ ಉಳಿಯುತ್ತಿದ್ದವು. ಈಗ ಅವು ಇಲ್ಲಿಯವರೆಗೂ ಬರಲು ತಾನೇ ದಾರಿ ಮಾಡಿಕೊಟ್ಟಿದ್ದಾಳೆ, ಅದಕ್ಕೆ ಕಿತ್ತಳೆ ಬಣ್ಣವನ್ನೂ ಬಳಿದಿದ್ದಾಳೆ.

ಮಧ್ಯಾಹ್ನ ಪ್ರಯೋಗದ ಮನೆಗಳಿಗೆಲ್ಲ ಫೋನು ಮಾಡಿದಳು. ಪ್ರಶ್ನೆ ಹೋಗಬೇಕಾದವರ ನಂಬರು ಯಾರದ್ದು ಹಾಕಿದ್ದಿರಿ ಎಂದು ಕೇಳಿದಳು. ಹೆಂಡತಿಯದು. ಅಮ್ಮನದು. ಅಕ್ಕನದು. ಮತ್ತೆ ಹೆಂಡತಿಯದು. ಒಬ್ಬಾಕೆ ಬ್ಯಾಂಕಿನಲ್ಲಿ ಸಾಲಿನಲ್ಲಿ ನಿಂತು ಉತ್ತರ ಬರೆದಿದ್ದಳಂತೆ. “ನಾನೇ ಮಾಡಿದ್ರೆ ಬೇಗ ಆಗ್ತಿತ್ತು ಕಣ್ರೀ” ಎಂದಳು ಆಕೆ.

“ಗುಂಡಿ ತೆಗೆಯೋಣ” ಎಂದಳು ದೊಡ್ಡಕ್ಕ.

ಚುರುಕಿ ಕಣ್ಣರಳಿಸಿದಳು. “ತಲೆ ಕೆಟ್ಟಿದೆಯಾ ಅಕ್ಕಾ? ಜನಕ್ಕೆ ಬೇಕಾಗಿರೋದೇ ಅದು! ಅದನ್ನ ತೆಗೆದ್ರೆ ಅರ್ಧ ಜನ ಮಧ್ಯದಲ್ಲೇ ಬಿಟ್ಟು ಎದ್ದು ಹೋಗ್ತಾರೆ. ಪರೀಕ್ಷಕರು ನಮ್ಮನ್ನೂ ಎಬ್ಬಿಸಿ ಕಳಿಸ್ತಾರೆ.”

“ಹೌದು, ಕಳಿಸಬಹುದು.”

“ನಾನೇನೋ ಮುಂದಿನ ವರ್ಷ ಮತ್ತೆ ಮೊದಲಿನಿಂದ ಸೇರ್ತೀನಿ. ನಿಮಗೆ ಮನೇಲಿ ಬಿಡ್ತಾರಾ?”

ದೊಡ್ಡಕ್ಕ ಹೇಳಿದ್ದು ಇಷ್ಟೇ: “ಇನ್ನೊಂದು ಸಲ ನೋಡೋಣ. ಗುಂಡಿ ಇಲ್ಲದೆ, ನಮ್ಮನೇಲೇ. ಆಗಲಿಲ್ಲ ಅಂದ್ರೆ ವಾಪಸು ಹಾಕು.”

ಕೋರ್ಸಿನಲ್ಲಿ ಒಂದು ನಿಯಮವಿತ್ತು. ಪ್ರಯೋಗ ನಡೆಯುವಾಗ ಆ್ಯಪ್ ಮಾಡಿದವರು ಪಕ್ಕದಲ್ಲಿ ಕೂತಿರಬಹುದು, ಆದರೆ ತುಟಿ ಬಿಚ್ಚಬಾರದು. ದೊಡ್ಡಕ್ಕನಿಗೆ ಇದೇ ಕಷ್ಟ. ಗಂಡ ಕಪಾಟಿನ ಕಡೆ ತಿರುಗಿದರೆ ಸಾಕು, ಅವಳ ಬಾಯಿ ತಾನಾಗಿ ‘ಅಲ್ಲಲ್ಲ, ಕೆಳಗಿನದು’ ಎನ್ನುತ್ತಿತ್ತು.

ಉಪಾಯ ಹೇಳಿದವರು ಅತ್ತೆ. “ಬಾಯಿ ತುಂಬ ನೀರು ಹಾಕ್ಕೊಂಡು ಕೂತ್ಕೊಳ್ಳೇ. ಮಾತಾಡಿದ್ರೆ ಸೀರೆ ಒದ್ದೆ.” ಆಮೇಲೆ ಯೋಚಿಸಿ, “ನನಗೂ ಒಂದು ಲೋಟ ಕೊಡು. ನಾನೂ ಸುಮ್ನಿರೋಳಲ್ಲ” ಎಂದರು.

ಹಾಗೆ ಭಾನುವಾರ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು, ಕೆನ್ನೆ ಉಬ್ಬಿಸಿಕೊಂಡು ಕುಳಿತರು. ಚುರುಕಿ ಕಿಟಕಿಯ ಹತ್ತಿರ ನಿಂತು ವಿಡಿಯೊ ಮಾಡತೊಡಗಿದಳು.

ಗಂಡ ಫೋನು ನೋಡಿದ. “ಆ ‘ಕೇಳಿ’ ಎಲ್ಲಿ ಹೋಯ್ತು?” ಹೆಂಡತಿಯ ಕಡೆ ತಿರುಗಿದ. ಅವಳು ಕಣ್ಣು ಮಿಟುಕಿಸಿದಳು. ಅಮ್ಮನ ಕಡೆ ತಿರುಗಿದ. ಅವರು ಸೂರು ನೋಡಿದರು.

‘ಈರುಳ್ಳಿ ಸಣ್ಣಗೆ ಹೆಚ್ಚಿ’ ಎಂದಿತು ಆ್ಯಪ್. ಗಂಡ ಸುತ್ತ ನೋಡಿದ. ಇಷ್ಟು ವರ್ಷ ಇದೇ ಮನೆಯಲ್ಲಿ ಉಂಡವನು ಹೋಟೆಲಿನ ಅಡುಗೆಮನೆಗೆ ದಾರಿ ತಪ್ಪಿ ಬಂದವನ ಹಾಗೆ ನಿಂತಿದ್ದ. ಹಿಂದಿನ ಸಲ ಕೇಳಿ ತಿಳಿದ ಚಾಕುವಿನ ಜಾಗ ಅವನಿಗೆ ಮರೆತೇಹೋಗಿತ್ತು, ಆ್ಯಪ್‌ಗೂ ಗೊತ್ತಿರಲಿಲ್ಲ. ಕೊನೆಗೆ ಈರುಳ್ಳಿಯನ್ನು ಅಲ್ಲೇ ಇಟ್ಟು, “ಆಗಲ್ಲಪ್ಪ” ಎಂದು ಹೊರಗೆ ಹೋಗಿ ಕುಳಿತ.

ಅತ್ತೆ ಗುಳಕ್ಕನೆ ನೀರು ನುಂಗಿದರು. “ಚಾಕು ಅವನ ಮೂಗಿನ ಕೆಳಗೇ ಇತ್ತು! ಚಿಕ್ಕವನಿದ್ದಾಗ ಇವನ ಕಾಲುಚೀಲಾನೂ ನಾನೇ ಹುಡುಕಿ ಕೊಡ್ತಿದ್ದೆ. ನಂದೇ ತಪ್ಪು ಬಿಡು.”

“ನೋಡಿದ್ರಾ? ವಾಪಸು ಹಾಕ್ಲಾ?” ಎಂದಳು ಚುರುಕಿ.

ದೊಡ್ಡಕ್ಕ ನೀರನ್ನು ಸಿಂಕಿಗೆ ಉಗಿದಳು. “ಚಾಕು ಎಲ್ಲಿದೆ ಅಂತ ನನಗೆ ಹೇಗೆ ಗೊತ್ತು ಹೇಳು? ಯಾರಾದ್ರೂ ಹೇಳಿಕೊಟ್ರಾ? ಕಪಾಟು ತೆಗೆದು ನೋಡಿದೀನಿ, ಅಷ್ಟೇ.”

ಅಲ್ಲೇ ಕೂತು ಆ್ಯಪ್‌ನ ಮೊದಲಿಗೆ ಹೊಸ ಪರದೆಯೊಂದನ್ನು ಸೇರಿಸಿದರು. ಅಡುಗೆ ಶುರುವಾಗುವ ಮುಂಚೆ ಅದು ಹೇಳುತ್ತದೆ: ‘ಒಂದು ಕಪಾಟು ತೆಗೆಯಿರಿ. ಒಳಗಿನ ಫೋಟೊ ತೆಗೆಯಿರಿ.’ ಆಮೇಲೆ: ‘ಇನ್ನೊಂದು ತೆಗೆಯಿರಿ.’ ಮುಂದೆ ಚಾಕು ಬೇಕಾದಾಗ ಆ ಫೋಟೊಗಳನ್ನೇ ಮುಂದಿಡುತ್ತದೆ. ಉತ್ತರ ಹೇಳುವುದಿಲ್ಲ, ಅವರೇ ನೋಡಬೇಕು.

ಅತ್ತೆ ಸೊಸೆ ಮತ್ತೆ ಬಾಯಿ ತುಂಬ ನೀರು ಹಾಕಿಕೊಂಡು ಕುಳಿತರು, ಚುರುಕಿ ವಿಡಿಯೊ ಮುಂದುವರಿಸಿ ಗಂಡನನ್ನು ಕರೆದಳು. ಗೊಣಗುತ್ತ ಬಂದ. ಕಪಾಟು ತೆಗೆದ, ಇನ್ನೊಂದು ತೆಗೆದ. “ಇಷ್ಟೊಂದು ಡಬ್ಬಿ ಇದೆಯಾ ನಮ್ಮನೇಲಿ?” ಎಂದು ತನಗೆ ತಾನೇ ಹೇಳಿಕೊಂಡ. ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ಸೂಪು ಮೇಜಿಗೆ ಬಂತು. ಉಪ್ಪು ಜಾಸ್ತಿ. ದೊಡ್ಡಕ್ಕನ ದವಡೆ ನೋಯುತ್ತಿತ್ತು. ಆದರೂ ಬಟ್ಟಲು ಖಾಲಿ ಮಾಡಿದಳು.

ಪರೀಕ್ಷೆಯ ದಿನ ಹಾಕಿದ್ದು ಆ ವಿಡಿಯೊವನ್ನೇ. ಹೊರಗಿನಿಂದ ಬಂದ ಪರೀಕ್ಷಕ ಮೊದಲು ಮುಖ ಗಂಟಿಕ್ಕಿದ. “ಬೇರೆ ಜೋಡಿಗಳ ಆ್ಯಪ್‌ನಲ್ಲಿ ಇದರ ಅರ್ಧ ಹೊತ್ತಿಗೆ ಮುಗಿಯುತ್ತೆ. ಸಹಾಯದ ಗುಂಡಿ ಯಾಕಿಲ್ಲ?”

“ಇತ್ತು ಸಾರ್. ಒತ್ತಿದಾಗಲೆಲ್ಲ ಬೇರೆ ಯಾರೋ ಅಡುಗೆ ಮಾಡ್ತಿದ್ರು. ನಮ್ಮ ಲೆಕ್ಕಕ್ಕೆ ಅವರು ಸಿಕ್ತಾನೇ ಇರಲಿಲ್ಲ” ಎಂದಳು ದೊಡ್ಡಕ್ಕ.

ಅವನು ವಿಡಿಯೊ ನಿಲ್ಲಿಸಿ ಮೂಲೆಯನ್ನು ತೋರಿಸಿದ. “ಇವರಿಬ್ಬರು ಯಾರು? ಹಲ್ಲುನೋವಾ?”

“ಒಬ್ಬರು ನಮ್ಮತ್ತೆ. ಇನ್ನೊಬ್ಬಳು ನಾನು. ನಾವೇ ಸಾರ್ ಆ ಗುಂಡಿ.”

ಅವನು ನಗಲಿಲ್ಲ. ವಿಡಿಯೊವನ್ನು ಮತ್ತೆ ಮೊದಲಿನಿಂದ ಹಾಕಿಸಿ, ಈ ಸಲ ಮೂಲೆಯನ್ನಷ್ಟೇ ನೋಡುತ್ತ ಕುಳಿತ.

ಸಂಜೆ ಫಲಿತಾಂಶ ಬಂತು. ಅವರ ಜೋಡಿಯ ಹೆಸರು ಆಯ್ಕೆಯಾದವರ ಕೊನೆಯಲ್ಲಿತ್ತು. ‘ನಿಧಾನ. ಆದರೆ ಒಲೆಯ ಮುಂದೆ ನಿಂತವರೇ ಅಡುಗೆ ಮಾಡಿದ್ದಾರೆ’ ಎಂದು ಷರಾ ಬರೆದಿದ್ದರು. ಚುರುಕಿ ಅವಳನ್ನು ತಬ್ಬಿಕೊಂಡು, “ಕೊನೆಯಾದ್ರೇನು, ಒಳಗಿದೀವಲ್ಲ!” ಎಂದು ಕೂಗಿದಳು.

ಎರಡನೆಯ ಹಂತದ ಮೊದಲ ತರಗತಿ. ಟೀಚರ್ ಬೋರ್ಡಿನ ಮೇಲೆ ಏನೋ ಬರೆಯುತ್ತಿದ್ದಾಗ ಫೋನು ಗುಂಯ್‌ಗುಟ್ಟಿತು. ದೊಡ್ಡಕ್ಕ ತಟ್ಟನೆ ಎತ್ತಿ ನೋಡಿದಳು. ಗಂಡನದೇ. ತೆರೆದ ಕಪಾಟಿನ ಫೋಟೊ, ಕೆಳಗೆ ಒಂದು ಸಾಲು: ‘ಸಕ್ಕರೆ ಸಿಕ್ತು. ಜರಡಿ ಹಿಂದೆ ಇತ್ತು.’

ಪ್ರಶ್ನೆಯಿರಲಿಲ್ಲ. ವರದಿ.

ಚುರುಕಿ ಬಗ್ಗಿ ನೋಡಿ ಕಿಸಕ್ಕನೆ ನಕ್ಕಳು. “ಈಗ ಇದಕ್ಕೇನು ಮಾಡೋದು ಅಕ್ಕಾ?”

“ಇದೂ ಹೋಗುತ್ತೆ, ನಿಧಾನವಾಗಿ” ಎಂದು ದೊಡ್ಡಕ್ಕ ಫೋನನ್ನು ಬೋರಲು ಹಾಕಿ, ಪೆನ್ಸಿಲು ತೆಗೆದುಕೊಂಡಳು.