ಮೊಣಕಾಲಿನ ಹಿಂದಿನ ನೀರು

ಬಣ್ಣದ ಕೆಲಸದವರೆಲ್ಲ ಅವನನ್ನು ಏಣಿಯಣ್ಣ ಎನ್ನುತ್ತಿದ್ದರು. ಮೂವತ್ತೊಂದು ವರ್ಷದಿಂದ ಅವನ ಬದುಕು ಏಣಿಯ ಮೇಲೆ. ಮಧ್ಯಾಹ್ನ ಬುತ್ತಿ ಬಿಚ್ಚುವುದೂ ಅಲ್ಲೇ. ಕೆಳಗಿಳಿದು ತಿಂದರೆ ಮೈಗೆ ಹತ್ತುವುದಿಲ್ಲವಂತೆ. ಬಾಯಿ ಮಾತ್ರ ಬಲು ಜೋರು. ಗೋಡೆ ಉಬ್ಬಿದೆ, ಸ್ವಲ್ಪ ಕೆರೆದು ಬಳಿದುಬಿಡಪ್ಪ ಎಂದ ಮನೆಯವರನ್ನು ಹಿಂದೆ ಮುಂದೆ ನೋಡದೆ ಬೈಯುತ್ತಿದ್ದ. ಒಳಗೆ ಪೈಪು ಸೋರುತ್ತಿದ್ದರೆ ಹೊರಗೆ ಬಳಿದು ಏನು ಬಂತು ಎಂದು ಡಬ್ಬ ಎತ್ತಿಕೊಂಡು ಹೊರಟೇಬಿಡುತ್ತಿದ್ದ.

ಇಂಥವನ ಎಡ ಮೊಣಕಾಲಿನ ಹಿಂದೆ, ಮಡಚುವ ಜಾಗದಲ್ಲಿ, ನಿಂಬೆಹಣ್ಣಿನಷ್ಟು ಗಂಟು ಎದ್ದಿತು. ಏಣಿಯ ನಾಲ್ಕನೇ ಮೆಟ್ಟಿಲಿಗೆಲ್ಲ ಕಾಲು ಬಿಗಿದುಕೊಳ್ಳುತ್ತಿತ್ತು. ಗಂಟು ಎಂದರೆ ಒಂದೇ ರೋಗ ಗೊತ್ತಿದ್ದ ಹೆಂಡತಿ ಊಟ ನಿದ್ದೆ ಬಿಟ್ಟಳು. ಸ್ಕ್ಯಾನ್ ನೋಡಿದ ಡಾಕ್ಟರಮ್ಮ, ಇದು ಕ್ಯಾನ್ಸರ್ ಅಲ್ಲ, ನೀರು ತುಂಬಿದ ಚೀಲ, ಇದಕ್ಕೆ ಸಿಸ್ಟ್ ಎನ್ನುತ್ತಾರೆ ಎಂದರು. ಮೊಣಕಾಲಿನ ಬಗ್ಗೆ ಇನ್ನೂ ಏನೋ ಹೇಳಹೊರಟಿದ್ದರು. ಪುಣ್ಯಾತ್ಮ ಕೇಳಿಸಿಕೊಳ್ಳಬೇಕಲ್ಲ! ನೀರು ತಾನೆ, ತೆಗೆದುಬಿಡಿ, ನಾಳೆ ಕೆಲಸವಿದೆ ಎಂದು ಪಟ್ಟು ಹಿಡಿದ. ಸೂಜಿ ಹಾಕಿ ತೆಗೆದರು. ಐದು ವಾರಕ್ಕೆ ಗಂಟು ಮತ್ತೆ ಹಾಜರ್. ಇನ್ನೊಮ್ಮೆ ತೆಗೆಸಿದ. ಇನ್ನೊಮ್ಮೆ ಬಂತು.

ಮೂರನೇ ಸಲ ಹೋದಾಗ ಅವನ ಪಿತ್ತ ನೆತ್ತಿಗೇರಿತ್ತು. ಹೊರಗಿನ ಬೆಂಚಿನಲ್ಲಿ ಕೂತವರಿಗೆಲ್ಲ ಇವರಿಗೆ ಕೆಲಸವೇ ಬರುವುದಿಲ್ಲ ಎಂದು ಸಾರಿ, ಹೆಂಡತಿಯನ್ನು ಅಲ್ಲೇ ಕೂರಿಸಿ ಒಳಗೆ ನುಗ್ಗಿದ.

"ಐದು ವಾರಾನೂ ನಿಲ್ಲಲ್ವಲ್ಲ ಡಾಕ್ಟ್ರೇ ನಿಮ್ಮ ಕೆಲಸ. ನಾನು ಹೀಗೆ ಗೋಡೆ ಮಾಡಿಕೊಟ್ಟಿದ್ರೆ ಅಟ್ಟಾಡಿಸಿಕೊಂಡು ಹೊಡೀತಿದ್ರು."

ಡಾಕ್ಟರಮ್ಮ ಸಿಟ್ಟಾಗಲಿಲ್ಲ. "ಗೋಡೆ ಉಬ್ಬಿದ್ರೆ ನೀವು ಮೊದಲು ಏನು ನೋಡ್ತೀರಿ?"

"ನೀರು ಎಲ್ಲಿಂದ ಬರ್ತಿದೆ ಅಂತ..." ಎಂದವನು ತನ್ನ ಮೊಣಕಾಲು ನೋಡಿಕೊಂಡ.

ಅವರು ಚೀಟಿಯ ಹಿಂದೆ ಮೊಣಕಾಲಿನ ಚಿತ್ರ ಬರೆದು ತೋರಿಸಿದರು. ಏಣಿ ಹತ್ತಿ ಇಳಿದು ಕೀಲಿನ ಒಳಗಿನ ಮೆತ್ತೆ ಸವೆದಿದೆ. ಕೀಲು ಕೆರಳಿದಾಗಲೆಲ್ಲ ನೀರು ಹೆಚ್ಚಾಗಿ ಹಿಂದಕ್ಕೆ ನುಗ್ಗಿ ಚೀಲ ತುಂಬುತ್ತದೆ. ಚೀಲದ್ದು ತಪ್ಪಿಲ್ಲ, ಕೀಲು ಸುಧಾರಿಸಬೇಕು. ಇದನ್ನೇ ಮೊದಲ ದಿನ ಹೇಳಹೊರಟಿದ್ದೆ ಎಂದರು.

ಅವನಿಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಎಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ಗೋಡೆಯ ಮಾತು ಗೋಡೆಗೆ ಸರಿ, ಕಾಲಿಗೂ ಅದೇ ಎಂದು ಯಾರು ಕಂಡಿದ್ದರು? ಮತ್ತೆ ಏಣಿ ಹತ್ತುವುದು ಯಾವಾಗ ಎಂದು ಕೇಳಿದ. ಡಾಕ್ಟರಮ್ಮ ಇನ್ನು ಬೇಡವೆಂದು ತಲೆಯಾಡಿಸಿ, ನೆಲದ ಮೇಲೆ ನಿಂತು ಮಾಡುವ ಕೆಲಸ ನೋಡಿಕೊಳ್ಳಿ ಎಂದರು.

ಹೊರಗೆ ಹೆಂಡತಿ ಎದ್ದು ಬಂದಳು. "ನೀರು ತೆಗೆದ್ರೇನ್ರೀ?"

"ಇಲ್ಲ ಕಣೇ," ಎಂದ. "ಏಣಿ ತೆಗೆದ್ರು."